ಬಂದಿಲ್ಲದ್ದಕ್ಕೆ ಸಹಿ

ಹೋಮ್ಸ್ ಕೌಂಟಿ, ಒಹಾಯೊ
ಜೂನ್ 9

ಮೊಂಟಾನಾ ಪ್ರಾಂತ್ಯದ ಮೂವತ್ತು ಕೋಳಿ, ಎರಡು ಕುದುರೆ ಮತ್ತು ಒಬ್ಬ ಗಂಡನ ಮೇಲೆ ಏಕಚ್ಛತ್ರಾಧಿಪತ್ಯ ನಡೆಸುತ್ತಿರುವ ಅಕ್ಕ ಸಲೋಮಾ ಅವರ ದಿವ್ಯ ಸನ್ನಿಧಾನಕ್ಕೆ, ರೇಬರ್ ಮನೆತನದ ಕಿರಿಯ ಬಡಗಿ ರೋಮನ್ ಮಾಡುವ ಯೇಸುನಾಮದ ವಂದನೆಗಳು. ಇಲ್ಲಿ ಎಲ್ಲರೂ ಕ್ಷೇಮ.

ಮೊದಲಿಗೆ ಒಂದು ಶೋಕವಾರ್ತೆ. ಪ್ಲಂಬರ್ ಡೆನ್ನಿ ಪ್ರುಯಿಟ್‌ನ ಊಟದ ಡಬ್ಬಿ ಕಳೆದ ಮಂಗಳವಾರ ಸ್ವರ್ಗಾರೋಹಣ ಮಾಡಿತು. ಬೆಳಿಗ್ಗೆ ಅವನ ಟ್ರಕ್ಕಿನಲ್ಲಿದ್ದದ್ದು ಮಧ್ಯಾಹ್ನದ ಹೊತ್ತಿಗೆ ಕಟ್ಟಡದ ನೆತ್ತಿಯ ತೊಲೆಯ ಮೇಲೆ ವಿರಾಜಮಾನವಾಗಿತ್ತು. ಡೆನ್ನಿ ಕೆಳಗೆ ನಿಂತು, “ಯಾವನೋ ಅವನು, ಹುಲ್ಲಿನ ಟೋಪಿ ಹಾಕ್ಕೊಂಡಿರೋ ಮಂಗ?” ಎಂದು ಕೂಗಿದ. ನಾವು ಆರೂ ಜನ ಹುಲ್ಲಿನ ಟೋಪಿಯಲ್ಲೇ ಇದ್ದೆವು. ಗಂಭೀರವಾದ ತನಿಖೆ ನಡೆಯಿತು. ತನಿಖಾಧಿಕಾರಿ ನಾನೇ ಆಗಿದ್ದರಿಂದ ಅಪರಾಧಿ ಸಿಕ್ಕಿಲ್ಲ.

ನಾವು ಮತ್ತೆ ಕೆರೆದಂಡೆಯ ಶ್ರೀಮತಿ ಹಾರ್ಗ್ರೋವ್ ಅವರ ಕಟ್ಟಡಕ್ಕೆ ಬಂದಿದ್ದೇವೆ. ಪೇಟೆಯ ಜನ ಅಲ್ಲಿಗೆ ಬಂದು ಮದುವೆಯಾಗುತ್ತಾರಂತೆ. ನೋಡಲು ಥೇಟು ನಮ್ಮ ದನದ ಕೊಟ್ಟಿಗೆ, ದನವೊಂದಿಲ್ಲ ಅಷ್ಟೆ. ದನ ಇಲ್ಲದ್ದಕ್ಕೇ ಇರಬೇಕು, ಒಂದು ದಿನದ ಬಾಡಿಗೆ ಐದು ಸಾವಿರ ಡಾಲರು. ಅದರ ಮರದ ಚೌಕಟ್ಟನ್ನು ನಾವು ಕಳೆದ ಶರತ್ಕಾಲದಲ್ಲೇ ಎತ್ತಿ ನಿಲ್ಲಿಸಿದ್ದೆವು. ಈಗ ಬಾಗಿಲು, ಮೆಟ್ಟಿಲಿನ ಕಟಕಟೆ ಕೂರಿಸಿ ಕೈ ತೊಳೆದುಕೊಂಡರೆ ಮುಗಿಯಿತು.

ಕೈ ತೊಳೆದರೂ ಕೈಗೆ ಹಣ ಬರುವುದಿಲ್ಲ ಎನ್ನುವುದು ಬೇರೆ ಮಾತು. ನಿನಗೆ ತಡೆಹಣದ ಪುರಾಣ ಮರೆತಿರಬಹುದು. ದೊಡ್ಡ ಗುತ್ತಿಗೆದಾರ ಕರ್ಟ್ ಲಿಂಡ್ವಾಲ್ ನಮ್ಮ ಪ್ರತಿ ಬಿಲ್ಲಿನಲ್ಲೂ ಹತ್ತರಲ್ಲಿ ಒಂದು ಪಾಲನ್ನು ಹಿಡಿದಿಟ್ಟುಕೊಂಡಿದ್ದಾನೆ. ಕಟ್ಟಡ ಪೂರ್ತಿ ಮುಗಿದು, ಎಲ್ಲಿಯೂ ಬಿರುಕಿಲ್ಲ ಎಂದು ಗೊತ್ತಾದ ಮೇಲೆ ಕೊಡುವುದು ವಾಡಿಕೆ. ಕಟ್ಟಡ ಪೂರ್ತಿ ಎಂದರೆ ನಮ್ಮ ಕೆಲಸ ಮುಗಿದರೆ ಸಾಲದು. ಡೆನ್ನಿಯ ನಲ್ಲಿ ಹರಿಯಬೇಕು, ಬಣ್ಣದವನ ಬಣ್ಣ ಒಣಗಬೇಕು, ತೋಟದವನು ನೆಟ್ಟ ಗುಲಾಬಿ ಚಿಗುರಬೇಕು. ಮೊದಲು ಬಂದವರು ಕೊನೆಯವರೆಗೂ ಕಾಯುವವರು. ನಮ್ಮ ಪಾಲು ಮೂವತ್ತೊಂದು ಸಾವಿರ ಡಾಲರು ಈಗ ಒಂದು ಗುಲಾಬಿ ಗಿಡದ ಮನಸ್ಸಿನಲ್ಲಿದೆ.

ಅಪ್ಪ ಹೇಗೆ ನಡೆಸುತ್ತಾನೆಂದು ನಿನಗೆ ಗೊತ್ತಲ್ಲ. ಹೊಸ ಕೆಲಸದ ಮುಂಗಡದಲ್ಲಿ ಹಳೆಯ ಕೆಲಸದ ಕೂಲಿ. ಹೊಳೆ ದಾಟುವವನು ಹಿಂದಿನ ಕಲ್ಲನ್ನೇ ಎತ್ತಿ ಮುಂದಿಟ್ಟುಕೊಂಡು ಹೆಜ್ಜೆ ಹಾಕಿದ ಹಾಗೆ. ಶುಕ್ರವಾರ ಸಂಜೆ ಕೂಲಿ ಕೊಡುವುದು ಒಮ್ಮೆಯೂ ತಪ್ಪಿಲ್ಲ. ತಪ್ಪಿರುವುದು ಮರದಂಗಡಿಯ ಆಟ್ಲಿಯ ಬಾಕಿ ಒಂದೇ. ಇಪ್ಪತ್ತೇಳು ಸಾವಿರ. ಅಕ್ಟೋಬರಿನಲ್ಲಿ ಪ್ರಭುಭೋಜನಕ್ಕೆ ಮುಂಚಿನ ಸಭೆ ಇದೆ. ಅಲ್ಲಿ ಎದ್ದು ನಿಂತು “ಎಲ್ಲರ ಜೊತೆ ಸಮಾಧಾನವಾಗಿದ್ದೇನೆ” ಎನ್ನಬೇಕು, ಇಲ್ಲದಿದ್ದರೆ ಭೋಜನದ ರೊಟ್ಟಿ ಮುರಿಯುವ ಹಾಗಿಲ್ಲ. ಎರಡು ಬೆಂಚು ಆಚೆ ಆಟ್ಲಿ ಕೂತಿರುತ್ತಾನೆ. ಅಷ್ಟರೊಳಗೆ ತೀರಿಸಬೇಕೆಂದು ಅಪ್ಪನ ಹಟ.

ಉಳಿಯುವ ನಾಲ್ಕು ಸಾವಿರ ನಿನ್ನದು. ನೀನು ಶಾಲೆ ಕಲಿಸಿ ಕೂಡಿಟ್ಟು, ಮದುವೆಗೆ ಮುಂಚೆ ಅಪ್ಪನ ಕೈಗೆ ಕೊಟ್ಟದ್ದು. ಅಪ್ಪ ಅದನ್ನು ಮರೆತಿಲ್ಲ, ವಾರಕ್ಕೊಮ್ಮೆ ಹೇಳುತ್ತಾನೆ.

ಸದಾ ವಿಧೇಯನೂ ಎಂದೂ ಅಪರಾಧ ಸಾಬೀತಾಗದವನೂ ಆದ,
ರೋಮನ್


ರೆಕ್ಸ್‌ಫರ್ಡ್, ಮೊಂಟಾನಾ
ಜೂನ್ 24

ತಮ್ಮಾ,

ಡೆನ್ನಿಯ ಡಬ್ಬಿಯ ಮರಣವಾರ್ತೆ ಓದಿ ನಾವಿಬ್ಬರೂ ನಕ್ಕೆವು. ನಿನ್ನ ಭಾವ ಫ್ರೀಮನ್ ನಗುತ್ತಾ, “ಇವನನ್ನು ಇಲ್ಲಿಗೆ ಕಳಿಸಬೇಡ ಅನ್ನು, ಇಲ್ಲಿ ಕರಡಿ ಇವೆ, ಅವಕ್ಕೂ ಮಾನ ಮರ್ಯಾದೆ ಇದೆ” ಎಂದ.

ಇಲ್ಲಿ ಎಲ್ಲ ಸರಿಯಾಗಿದೆ. ಬೆಟ್ಟದ ಮೇಲಿನ ಹಿಮ ಈಗ ತಾನೆ ಕರಗಿದೆ. ನಿನ್ನ ಭಾವ ಈಚೆಗೆ ಮನೆಯಲ್ಲೇ ಹೆಚ್ಚು ಇರುತ್ತಾನೆ, ಕೂತಲ್ಲೇ ಬಟಾಣಿ ಸುಲಿದುಕೊಡುತ್ತಾನೆ. ಮಗು ಗೋಡೆ ಹಿಡಿದು ನಡೆಯುತ್ತದೆ.

ನನ್ನ ಹಣದ ಬಗ್ಗೆ ಅಪ್ಪ ವಾರವಾರ ಹೇಳುವುದು ಬೇಡ. ಅವಸರವಿಲ್ಲ ಎಂದು ಹೇಳು. ಆಟ್ಲಿಯ ಬಾಕಿ ಮೊದಲು ತೀರಲಿ. ಕಟ್ಟಡ ಮುಗಿಯುತ್ತಾ ಬಂದಿದೆಯಲ್ಲ, ಇನ್ನೇನು ಬಂತು ಎಂದೇ ಇಟ್ಟುಕೊಳ್ಳೋಣ.

ಅಮ್ಮನ ಮಂಡಿನೋವು ಹೇಗಿದೆ? ನೀನು ಮೂರು ಪುಟ ಬರೆದೂ ಅಮ್ಮನ ಬಗ್ಗೆ ಒಂದು ಸಾಲು ಬರೆಯಲಿಲ್ಲ.

ಅಕ್ಕ


ಹೋಮ್ಸ್ ಕೌಂಟಿ
ಜುಲೈ 12

ಕರಡಿಗಳ ನೆರೆಹೊರೆಯವಳಾದ ಅಕ್ಕನ ಪಾದಾರವಿಂದಗಳಿಗೆ,

ಅಮ್ಮನ ಮಂಡಿನೋವು ಕ್ಷೇಮ. ಭಾವ ಬಟಾಣಿ ಸುಲಿಯುವ ಸಮಾಚಾರ ಕೇಳಿ ಇಲ್ಲಿನ ಗಂಡಸರ ಸಮಾಜ ತಲೆ ತಗ್ಗಿಸಿದೆ. ಮರದ ದಿಮ್ಮಿ ಹೊರುತ್ತಿದ್ದ ಗಂಡು ಬಟಾಣಿಗೆ ಇಳಿದನೆಂದರೆ ಕಾಲ ಕೆಟ್ಟಿತು. ಆತನಿಗೊಂದು ಏಪ್ರನ್ ಹೊಲಿಸಿ ಕಳಿಸಬೇಕೆಂದು ಅಮ್ಮನಿಗೆ ಅರ್ಜಿ ಹಾಕಿದ್ದೇನೆ.

ಈಗ ರಾಜಕಾರ್ಯ. ಗುಲಾಬಿ ಚಿಗುರಿತು. ಕಳೆದ ಶುಕ್ರವಾರ ಸಂಜೆ ಕರ್ಟ್ ಲಿಂಡ್ವಾಲ್ ನಮ್ಮ ಅಂಗಳಕ್ಕೆ ಕಾರು ತಂದ. ಕೈಯಲ್ಲಿ ಚೆಕ್ ಇರಲಿಲ್ಲ, ಕಾಗದವಿತ್ತು. ಹುಡುಗರು ಕೂಲಿಗೆ ಕಾಯುತ್ತಾ ವರಾಂಡದಲ್ಲಿ ಕೂತಿದ್ದರು, ಡೆನ್ನಿ ನಮ್ಮ ಪಂಪ್ ನೋಡಲು ಬಂದಿದ್ದ.

“ಇಲ್ಲೊಂದು ಸಹಿ ಹಾಕು ಎಮ್ಯಾನುಯೆಲ್, ಮುಗೀತು,” ಎಂದ ಕರ್ಟ್.

ಅಪ್ಪ ಕನ್ನಡಕ ಹಾಕಿಕೊಂಡು ಓದಿದ. ಅಪ್ಪ ಓದುವುದು ಹೇಗೆಂದು ನೀನು ಬಲ್ಲೆ, ಮರಕ್ಕೆ ರಂದಾ ಹೊಡೆದ ಹಾಗೆ, ಒಂದೇ ಕಡೆಗೆ, ಮೆಲ್ಲಗೆ.

“ಇದರಲ್ಲಿ ನನಗೆ ಪೂರ್ತಿ ಹಣ ಬಂದಿದೆ ಅಂತ ಬರ್ದಿದೆಯಲ್ಲ.”

“ಹೌದು. ಎಲ್ರಿಗೂ ಅದೇ ಕಾಗದ.”

“ಬಂದಿಲ್ಲವಲ್ಲ ಕರ್ಟ್.”

“ಬರುತ್ತೆ ಕಣಯ್ಯ. ಎಲ್ಲರ ಕಾಗದ ಸೇರಿದ ಮೇಲೆ ಬ್ಯಾಂಕ್ ನನಗೆ ಬಿಡುತ್ತೆ. ನಾನು ನಿನಗೆ ಕೊಡ್ತೀನಿ. ಎಲ್ಲ ಕಡೆ ಹೀಗೇ ನಡೆಯೋದು. ಡೆನ್ನಿ ಹಾಕಿದ್ದಾನೆ ನೋಡು. ಬಣ್ಣದವನು ಹಾಕಿದ್ದಾನೆ.”

ಡೆನ್ನಿ ಪಂಪಿನ ಹಿಂದಿನಿಂದ, “ಹಾಕು ಎಮ್ಯಾನುಯೆಲ್, ಅದು ಬರೀ ಶಾಸ್ತ್ರ” ಎಂದ.

“ಹಾಗಾದ್ರೆ ಚೆಕ್ ತಗೊಂಡು ಬಾ. ಈ ಮೇಜಿನ ಮೇಲೇ ಹಾಕ್ಕೊಡ್ತೀನಿ,” ಎಂದ ಅಪ್ಪ.

“ಸಹಿ ಇಲ್ಲದೆ ಚೆಕ್ ಎಲ್ಲಿಂದ ತರ್ಲಿ?”

“ಬಂದಿಲ್ಲದ್ದನ್ನ ಬಂದಿದೆ ಅಂತ ಹೇಗೆ ಬರೀಲಿ?”

ಹೀಗೇ ಗಾಣದ ಎತ್ತುಗಳಂತೆ ಇಬ್ಬರೂ ಸುತ್ತಿದರು. ಆಗ ನನಗೆ ಜ್ಞಾನೋದಯವಾಯಿತು. ಒಳಗೆ ಹೋಗಿ ಒಂದು ಘೋಷಣಾ ಪತ್ರ ಸಿದ್ಧಪಡಿಸಿದೆ: “ಕರ್ಟ್ ಲಿಂಡ್ವಾಲ್ ಆದ ನಾನು ಶ್ರೀಮತಿ ರೇಬರ್ ಅವರ ಚೆರ್ರಿ ಪೈಯಲ್ಲಿ ನನ್ನ ಪಾಲನ್ನು ಕೊನೆಯ ಚೂರಿನವರೆಗೆ ತಿಂದು ತೃಪ್ತನಾಗಿದ್ದೇನೆ. ಸದರಿ ಪೈಯ ಮೇಲೆ ಇನ್ನು ನನಗೆ ಯಾವ ಹಕ್ಕೂ ಇರುವುದಿಲ್ಲ.” ಅಮ್ಮ ಆಗ ತಾನೆ ಹಣ್ಣು ತುಂಬಿ ಬೇಯಿಸಿದ ಪೈ ಹೊರಗೆ ತಂದಿದ್ದಳು. ಕರ್ಟ್ ಕಾಗದ ಓದಿ ಗಟ್ಟಿಯಾಗಿ ನಕ್ಕು ಸಹಿ ಹಾಕಿಯೇಬಿಟ್ಟ. ನಾನು ಎಲ್ಲರಿಗೂ ಒಂದೊಂದು ತುಂಡು ಕೊಟ್ಟು ಅವನ ತಟ್ಟೆಯನ್ನು ಖಾಲಿ ಬಿಟ್ಟೆ.

“ನನಗೆ?”

“ತಿಂದಿದ್ದೀರಲ್ಲ ಸಾರ್! ಬರವಣಿಗೆಯಲ್ಲಿದೆ. ಅದು ಬರೀ ಶಾಸ್ತ್ರ.”

ಹುಡುಗರು ಬಿದ್ದು ಬಿದ್ದು ನಕ್ಕರು. ಡೆನ್ನಿಗೆ ಚೆರ್ರಿ ಗಂಟಲಿಗೆ ಸಿಕ್ಕಿತು. ಅಮ್ಮ ನನ್ನ ಕಿವಿ ಹಿಂಡಿ ಕರ್ಟ್‌ಗೆ ಎಲ್ಲರಿಗಿಂತ ದೊಡ್ಡ ತುಂಡು ಕೊಟ್ಟಳು. ಅವನು ತಿಂದ. ಬಾಯಿ ಒರೆಸಿಕೊಂಡು, “ನೀವು ಆಮಿಶ್ ಪಂಥದವರು ಕೋರ್ಟು ಹತ್ತಲ್ಲ, ನಂಗೊತ್ತು. ನಿಧಾನವಾಗಿ ಯೋಚನೆ ಮಾಡು. ಆದರೆ ಎಮ್ಯಾನುಯೆಲ್, ನಿನ್ನೊಬ್ಬನ ಸಹಿಗೋಸ್ಕರ ಎಲ್ಲರ ದುಡ್ಡೂ ನಿಂತಿರುತ್ತೆ” ಎಂದು ಹೇಳಿ ಹೋದ.

ಅಪ್ಪ ಮಾತ್ರ ಆ ಹೊತ್ತಿನಲ್ಲೆಲ್ಲ ನಗಲಿಲ್ಲ.

ಪೈ ಖಾತೆಯ ಮಂತ್ರಿ,
ರೋಮನ್


ರೆಕ್ಸ್‌ಫರ್ಡ್
ಜುಲೈ 30

ರೋಮನ್,

ಎಲ್ಲವೂ ನಿನಗೆ ಆಟ. ಅಪ್ಪನಿಗೆ ಸಹಿ ಹಾಕಲು ಹೇಳು. ಆ ಕಾಗದಕ್ಕೆ ಊರವರೆಲ್ಲ ಹಾಕುತ್ತಾರೆ. ಹಣ ಕೊಡುವವನಿಗೂ ಗೊತ್ತು, ತೆಗೆದುಕೊಳ್ಳುವವನಿಗೂ ಗೊತ್ತು, ಬ್ಯಾಂಕಿಗೂ ಗೊತ್ತು. ಯಾರಿಗೂ ಮೋಸವಿಲ್ಲದ ಮಾತು ಸುಳ್ಳು ಹೇಗಾಗುತ್ತದೆ? ಅಪ್ಪನ ಒಂದು ಹಟಕ್ಕೆ ಎಷ್ಟು ಮನೆಯವರು ಕಾಯಬೇಕು?

ಏಪ್ರನ್ ಕಳಿಸಬೇಡ.

ಸಲೋಮಾ


ಹೋಮ್ಸ್ ಕೌಂಟಿ
ಆಗಸ್ಟ್ 17

ಅಕ್ಕಾ,

ನಿನ್ನ ಕಾಗದ ಪೆನ್ಸಿಲಿನಲ್ಲಿತ್ತು, ಅರ್ಧ ಪುಟವಿತ್ತು, ಹವಾಮಾನದ ಸುದ್ದಿಯಿರಲಿಲ್ಲ. ಏಪ್ರನ್ನಿಗೆ ಕೋಪ ಬಂತು ಎಂದುಕೊಂಡೆ. ಎರಡು ದಿನ ಮುನಿಸಿಕೊಂಡೂ ಇದ್ದೆ, ಸಕಲ ಮರ್ಯಾದೆಗಳೊಡನೆ.

ಅಪ್ಪನಿಗೆ ನಿನ್ನ ಮಾತನ್ನು ಓದಿ ಹೇಳಲಿಲ್ಲ. ಹೇಳುವವರು ಬೇಕಾದಷ್ಟು ಜನರಿದ್ದಾರೆ. ಡೆನ್ನಿ ಬುಧವಾರ ಬಂದು ಅಂಗಳದಲ್ಲೇ ನಿಂತ. ಡಬ್ಬಿಯ ವಿಷಯದಲ್ಲಿ ನಾನು ಒಂದು ಮಾತು ಬಿಟ್ಟೆ, ಅವನು ಕಿವಿಗೆ ಹಾಕಿಕೊಳ್ಳಲಿಲ್ಲ.

“ನನ್ನ ಹತ್ರ ಐದು ಜನ ಹುಡುಗರಿದ್ದಾರೆ ಎಮ್ಯಾನುಯೆಲ್. ನಲವತ್ತು ಸಾವಿರ ಅಲ್ಲಿ ಕೂತಿದೆ. ಗುಂಡಿ ತೋಡೋ ಮಷೀನಿನ ಕಂತು ಎರಡು ತಿಂಗಳಿಂದ ಕಟ್ಟಿಲ್ಲ. ನಿಂಗೆ ಕೈಮುಗೀತೀನಿ, ಹಾಕಿಬಿಡು.”

“ನಿನ್ನ ಕಷ್ಟ ನಂಗೆ ಗೊತ್ತಾಗುತ್ತೆ ಡೆನ್ನಿ.”

“ಗೊತ್ತಾದ್ರೆ ಹಾಕು!”

ಅಪ್ಪ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ. “ಹೌದು ಅಂದ್ರೆ ಹೌದು, ಇಲ್ಲ ಅಂದ್ರೆ ಇಲ್ಲ. ನನ್ನ ಹತ್ರ ಅದು ಬಿಟ್ಟು ಬೇರೆ ಏನಿದೆ? ನಾವು ಆಣೆ ಮಾಡಲ್ಲ, ಕೋರ್ಟಿಗೆ ಹೋಗಲ್ಲ. ಹೇಳಿದ್ದು ನಿಜ ಆಗಿರ್ಬೇಕು, ಅಷ್ಟೇ ನಮ್ಮ ಕೈಲಿರೋದು.”

ಡೆನ್ನಿ ಹೋದ ಮೇಲೆ ಅಪ್ಪ ಮರಗೆಲಸದ ಕೊಟ್ಟಿಗೆಗೆ ಹೋಗಿ, ಹರಿತವಾಗಿದ್ದ ಉಳಿಗಳನ್ನೇ ಮತ್ತೆ ಸಾಣೆ ಹಿಡಿಯುತ್ತಾ ಕೂತ.

ಆಟ್ಲಿಯೂ ಬಂದಿದ್ದ. ಬಾಕಿ ಕೇಳಲಿಲ್ಲ. ಪೀಚ್ ಹಣ್ಣು ತಿಂದ, ಅವನ ಗೋದಾಮಿಗೆ ಬ್ಯಾಂಕಿನವರು ಬಂದು ಹೋದದ್ದನ್ನು ಮಳೆಯ ಸುದ್ದಿಯ ಹಾಗೆ ಹೇಳಿ ಹೋದ. ಅವನು ಕೇಳಿದ್ದರೆ ಒಳ್ಳೆಯದಿತ್ತು. ಆ ಶುಕ್ರವಾರದ ಕೂಲಿಗೆ ಅಪ್ಪ ತನ್ನ ಕಂದು ಕುದುರೆಯನ್ನು ಮಾರಿದ. ಈಗ ಸಭೆಗೆ ಚಿಕ್ಕಪ್ಪನ ಬಂಡಿಯಲ್ಲಿ ಹೋಗುತ್ತೇವೆ.

ಇನ್ನು ನಿನ್ನ ವಿಚಾರ. ನಮ್ಮ ವಾರಪತ್ರಿಕೆಗೆ ಊರೂರಿನವರು ಸುದ್ದಿ ಬರೆದು ಕಳಿಸುತ್ತಾರಲ್ಲ, ನಿಮ್ಮ ಊರಿನ ಪತ್ರವೂ ಈ ಸಲ ಬಂದಿತ್ತು. ಮೊದಲು ಆಲೂಗಡ್ಡೆ ಬೆಳೆ, ಆಮೇಲೆ ಕರಡಿ ಜೇನುಪೆಟ್ಟಿಗೆ ಮುರಿದದ್ದು, ಅದರ ಕೆಳಗೆ: “ಮೇ ತಿಂಗಳಲ್ಲಿ ದಿಮ್ಮಿಗಳ ರಾಶಿ ಜಾರಿ ಕಾಲು ಮುರಿದುಕೊಂಡ ಫ್ರೀಮನ್‌ಗೆ ಎರಡನೆಯ ಶಸ್ತ್ರಚಿಕಿತ್ಸೆ ಆಗಿದೆ. ಇನ್ನೂ ಎದ್ದು ನಿಲ್ಲಲಾಗಿಲ್ಲ.”

ಅಂಚೆಪೆಟ್ಟಿಗೆಯ ಹತ್ತಿರವೇ ನಿಂತು ಮೂರು ಸಲ ಓದಿದೆ. ಕೂತಲ್ಲೇ ಬಟಾಣಿ ಸುಲಿಯುತ್ತಾನೆ ಎಂದು ನೀನು ಬರೆದಿದ್ದೆ. ನಾನು ಏಪ್ರನ್ ಎಂದು ಬರೆದೆ.

ಆ ಪತ್ರಿಕೆಯನ್ನು ಅಪ್ಪನಿಗೆ ತೋರಿಸಿಲ್ಲ, ಹುಲ್ಲಿನ ಅಟ್ಟದ ಮೇಲಿದೆ. ತೋರಿಸಿದರೆ ಅಪ್ಪ ಮಾರನೆಯ ದಿನವೇ ಸಹಿ ಹಾಕುತ್ತಾನೆ. ಡೆನ್ನಿಗಾಗಿ ಹಾಕದವನು ನಿನಗಾಗಿ ಹಾಕುತ್ತಾನೆ, ಆಮೇಲೆ ಬದುಕಿರುವವರೆಗೂ ತಲೆ ಎತ್ತುವುದಿಲ್ಲ. ನಾನು ಮಾಡಿದ್ದು ಸರಿಯೋ ತಪ್ಪೋ ನೀನೇ ಹೇಳು.

ರೋಮನ್


ರೆಕ್ಸ್‌ಫರ್ಡ್
ಸೆಪ್ಟೆಂಬರ್ 2

ತಮ್ಮಾ,

ತೋರಿಸಬೇಡ. ಅಟ್ಟದ ಮೇಲೇ ಇರಲಿ.

ನಾನು ಜುಲೈನಲ್ಲಿ ಬರೆದದ್ದನ್ನು ಮರೆತುಬಿಡು. ಆ ದಿನ ಆಸ್ಪತ್ರೆಯವರ ಬಿಲ್ಲು ಬಂದಿತ್ತು. ಸಭೆಯವರು ಅರ್ಧ ಕೊಟ್ಟಿದ್ದಾರೆ. ನಮ್ಮದು ಚಿಕ್ಕ ಊರು, ಹೆಚ್ಚು ಮನೆಗಳಿಲ್ಲ, ಇನ್ನೆಷ್ಟು ಎತ್ತುತ್ತಾರೆ? ಹೆಂಗಸರು ಸರದಿಯ ಮೇಲೆ ಅಡಿಗೆ ತರುತ್ತಾರೆ. ನಿನ್ನ ಪೈ ಕಾಗದವನ್ನು ಫ್ರೀಮನ್ ದಿಂಬಿನ ಕೆಳಗೆ ಇಟ್ಟುಕೊಂಡಿದ್ದಾನೆ, ನೋಡಲು ಬಂದವರಿಗೆಲ್ಲ ಓದಿ ಹೇಳುತ್ತಾನೆ. ಏಪ್ರನ್ ಬೇಕಂತೆ, ನೀಲಿ ಬಣ್ಣದ್ದು.

ನಮ್ಮ ಚಿಂತೆ ಬೇಡ. ಹೇಗೋ ಆಗುತ್ತದೆ.

ಅಕ್ಕ


ಹೋಮ್ಸ್ ಕೌಂಟಿ
ಸೆಪ್ಟೆಂಬರ್ 20

ಅಕ್ಕಾ,

ಹಿಂದಿನಂತೆ ಮಂಗಳ ಹಾಡಿ ಶುರುಮಾಡಲು ಕೂತೆ, ಆಗಲಿಲ್ಲ. ಆದದ್ದನ್ನು ಆದ ಹಾಗೆ ಬರೆಯುತ್ತೇನೆ.

ಅಪ್ಪನ ಸಹಿ ಬರುವುದಿಲ್ಲವೆಂದು ಕಂಡು, ಕರ್ಟ್ ಬ್ಯಾಂಕಿನವರೊಂದಿಗೆ ಮಾತಾಡಿ ಬೇರೆ ಏರ್ಪಾಡು ಮಾಡಿಕೊಂಡಿದ್ದ. ಅಪ್ಪನ ಪಾಲೊಂದನ್ನು ಬ್ಯಾಂಕ್ ಹಿಡಿದಿಟ್ಟುಕೊಂಡಿತು. ಸಹಿ ಹಾಕಿದ್ದ ಉಳಿದವರೆಲ್ಲರ ಪಾಲನ್ನು ಕರ್ಟ್‌ನ ಕೈಗೆ ಕೊಟ್ಟಿತು. ಕರ್ಟ್‌ಗೆ ಬೇರೆ ಊರಿನ ಇನ್ನೊಂದು ಕಟ್ಟಡದಲ್ಲಿ ದೊಡ್ಡ ನಷ್ಟವಾಗಿತ್ತಂತೆ. ಈ ಹಣವನ್ನು ಆ ಗುಂಡಿಗೆ ಸುರಿದ. ಗುಂಡಿ ತುಂಬಲಿಲ್ಲ. ಈಗ ಅವನ ಆಫೀಸಿಗೆ ಬೀಗ ಬಿದ್ದಿದೆ, ದಿವಾಳಿ ಅರ್ಜಿ ಹಾಕಿದ್ದಾನೆ.

ಡೆನ್ನಿಗೆ, ಬಣ್ಣದವನಿಗೆ, ತೋಟದವನಿಗೆ ಒಂದು ಕಾಸೂ ಬರಲಿಲ್ಲ. ವಕೀಲರ ಹತ್ತಿರ ಹೋದರೆ, “ಪೂರ್ತಿ ಬಂದಿದೆ ಅಂತ ನೀವೇ ಬರೆದುಕೊಟ್ಟಿದ್ದೀರಲ್ಲ” ಎಂದರಂತೆ. ಬಾಕಿ ಹಣಕ್ಕಾಗಿ ಕಟ್ಟಡದ ಮೇಲೆ ಹಕ್ಕು ಉಳಿದಿರುವುದು ಸಹಿ ಹಾಕದ ಒಬ್ಬನಿಗೇ. ಅದನ್ನು ಕೋರ್ಟಿನಲ್ಲಿ ಎಂದೂ ಚಲಾಯಿಸದ ನಮ್ಮ ಅಪ್ಪನಿಗೆ.

ಗುರುವಾರ ಶ್ರೀಮತಿ ಹಾರ್ಗ್ರೋವ್ ತಾವೇ ಬಂದರು. ಅಪ್ಪನ ಕಾಗದ ಸೇರದಿದ್ದರೆ ಅವರ ಸಾಲದ ವ್ಯವಹಾರ ಮುಗಿಯುವುದಿಲ್ಲ. ಮೂವತ್ತೊಂದು ಸಾವಿರದ ಬ್ಯಾಂಕ್ ಚೆಕ್ಕನ್ನು ಮೊದಲು ಮೇಜಿನ ಮೇಲಿಟ್ಟು, ಆಮೇಲೆ ಕಾಗದ ತೆಗೆದರು. ಅಷ್ಟರಲ್ಲಿ ಡೆನ್ನಿಯ ಟ್ರಕ್ಕು ಧೂಳೆಬ್ಬಿಸಿಕೊಂಡು ಬಂತು.

“ಹಾಕಬೇಡ! ಎಮ್ಯಾನುಯೆಲ್, ಹಾಕಬೇಡ ಕಣಯ್ಯ. ನೀನು ಹಾಕೋವರೆಗೂ ಇವರಿಗೆ ಬೇರೆ ದಾರಿ ಇಲ್ಲ. ನಮ್ಮ ದುಡ್ಡೂ ಕೊಟ್ರೆ ಮಾತ್ರ ಹಾಕ್ತೀನಿ ಅನ್ನು. ಒಂದೇ ಮಾತು ಸಾಕು!”

ಅಪ್ಪ ಆಕೆಯ ಕಡೆ ತಿರುಗಿದ. “ಇವರಿಗೂ ಏನಾದ್ರೂ ಆಗುತ್ತಾ ಅಮ್ಮ?”

ಆಕೆಯ ಕಣ್ಣು ಕೆಂಪಾಗಿತ್ತು. “ಇವರ ದುಡ್ಡು ನಾನು ಒಂದು ಸಲ ಕೊಟ್ಟಿದ್ದೀನಿ ರೇಬರ್ ಅವರೇ, ಕರ್ಟ್ ಕೈಗೆ. ಎರಡನೇ ಸಲ ಕೊಡೋಕೆ ಮನೆ ಮಾರ್ಬೇಕು.”

ಅಪ್ಪ ಕನ್ನಡಕ ಹಾಕಿಕೊಂಡು ಕಾಗದವನ್ನು ಮೊದಲಿನಿಂದ ಕೊನೆಯವರೆಗೆ ಓದಿದ. ಅಮ್ಮ ಒಲೆಯ ಮುಂದೆ ನಿಂತೇ ಇದ್ದಳು.

“ಡೆನ್ನಿ, ಅವತ್ತು ಅದು ಸುಳ್ಳಾಗಿತ್ತು, ಅದಕ್ಕೆ ಹಾಕ್ಲಿಲ್ಲ. ಇವತ್ತು ದುಡ್ಡು ಮುಂದಿದೆ. ಬರೆದಿರೋದು ನಿಜ ಆಯ್ತು. ನಿಜವಾದ ಮಾತಿಗೂ ಸಹಿ ಹಾಕಲ್ಲ ಅಂತ ಹಿಡ್ಕೊಂಡು ಕೂತ್ರೆ, ಕರ್ಟ್ ನಮ್ಮದನ್ನ ಹಿಡ್ಕೊಂಡು ಕೂತಿದ್ದಕ್ಕೂ ನಂದಕ್ಕೂ ಏನು ವ್ಯತ್ಯಾಸ?”

“ವ್ಯತ್ಯಾಸ ನನ್ನ ಐದು ಹುಡುಗರು! ಬೇಡಿಕೊಂಡಾಗ ಹಾಕ್ಲಿಲ್ಲ, ಈಗ ಬೇಡ ಅಂದ್ರೆ ಹಾಕ್ತೀಯ. ನಿನ್ನ ದೇವರು ಯಾವಾಗ್ಲೂ ನಿನ್ನ ಕಡೆಗೇ ಇರ್ತಾನಲ್ಲ, ಅದು ಹೇಗೆ?”

ಅಪ್ಪ ಸಹಿ ಹಾಕಿದ. ಡೆನ್ನಿ ಹೊರಟುಹೋದ, ಗೇಟಿನ ಹತ್ತಿರ ತಿರುಗಿ ನೋಡಲಿಲ್ಲ.

ಅದೇ ಸಂಜೆ ಆಟ್ಲಿಯ ಬಾಕಿ ಪೂರ್ತಿ ತೀರಿತು. ಅಪ್ಪನ ಮುಖದಲ್ಲಿ ನೆಮ್ಮದಿ ಕಾಣಲಿಲ್ಲ. ನಿನ್ನೆ ಊಟವಾದ ಮೇಲೆ ನನ್ನನ್ನು ಕರೆದು ಹೇಳಿದ: “ಸಲೋಮಾಗೆ ಬರಿ. ಅವಳ ನಾಲ್ಕು ಸಾವಿರ ಉಳಿದಿದೆ. ಅದನ್ನ ಡೆನ್ನಿಯ ಹುಡುಗರ ಕೂಲಿಗೆ ಕೊಡ್ಬಹುದಾ ಕೇಳು. ಅವಸರವಿಲ್ಲ ಅಂತ ಅವಳೇ ಬರೆದಿದ್ದಾಳಲ್ಲ. ಹಾಗೆ ಮಾಡಿದ್ರೆ ಸಭೇಲಿ ನಿಂತ್ಕೊಳ್ಳೋಕೆ ನನಗೆ ಒಂದು ಮುಖ ಇರುತ್ತೆ.”

ನಾಲಿಗೆಯ ತುದಿಗೆ ಬಂದದ್ದನ್ನು ನುಂಗಿಕೊಂಡೆ. ನಿನಗೆ ಮಾತು ಕೊಟ್ಟಿದ್ದೇನೆ. ಅಪ್ಪ ಹೇಳಿದ್ದನ್ನು ಅಕ್ಷರ ಬಿಡದೆ ಬರೆದಿದ್ದೇನೆ. ಉತ್ತರವನ್ನು ನನಗೆ ಬರೆಯಬೇಡ, ಅಪ್ಪನಿಗೇ ಬರೆ. ಏನು ಬರೆಯಬೇಕೆಂದು ನಾನು ಹೇಳುವುದಿಲ್ಲ.

ರೋಮನ್


ರೆಕ್ಸ್‌ಫರ್ಡ್
ಸೆಪ್ಟೆಂಬರ್ 28

ಪ್ರೀತಿಯ ಅಪ್ಪ,

ರೋಮನ್‌ನ ಕಾಗದ ಬಂದು ನಾಲ್ಕು ದಿನವಾಯಿತು. ಎರಡು ಉತ್ತರ ಬರೆದು ಒಲೆಗೆ ಹಾಕಿದೆ. “ಕೊಡು, ನಮಗೇನೂ ಬೇಡ” ಎಂದು ಬರೆದಿದ್ದೆ. ಓದಲು ಚೆನ್ನಾಗಿತ್ತು.

ನನಗೆ ಆ ಹಣ ಬೇಕು ಅಪ್ಪ. ಮೇ ತಿಂಗಳಿನಿಂದಲೇ ಬೇಕಾಗಿದೆ. ಫ್ರೀಮನ್‌ನ ಕಾಲು ಎರಡು ಕಡೆ ಮುರಿದಿದೆ, ಎರಡು ಸಲ ಕೊಯ್ದಿದ್ದಾರೆ, ಬರುವ ವಸಂತದವರೆಗೆ ಅವನು ದಿಮ್ಮಿ ಮುಟ್ಟುವ ಹಾಗಿಲ್ಲ. ಆಸ್ಪತ್ರೆಗೆ ಇನ್ನೂ ಕೊಡುವುದಿದೆ. ಚಳಿಗಾಲದ ಸೌದೆ ತಂದಿಲ್ಲ. ನಿನಗೆ ಭಾರವಾಗಬಾರದೆಂದು ಏನೂ ಬರೆಯಲಿಲ್ಲ. ರೋಮನ್‌ಗೆ ಪತ್ರಿಕೆಯಿಂದ ಗೊತ್ತಾದಾಗ ಅವನ ಬಾಯನ್ನೂ ನಾನೇ ಕಟ್ಟಿದೆ, ಅವನನ್ನು ಬೈಯಬೇಡ. ನೀನು ಒಂದು ಸುಳ್ಳು ಸಾಲಿಗೆ ಸಹಿ ಹಾಕಲಾರದೆ ಬೇಸಿಗೆಯೆಲ್ಲ ಊರವರಿಂದ ಮಾತು ಕೇಳಿದೆ. ನಾನು “ಎಲ್ಲ ಸರಿಯಾಗಿದೆ” ಎಂದು ಸುಲಭವಾಗಿ ಬರೆದುಬಿಟ್ಟೆ.

ಈ ಹಣ ಕಳಿಸಿದರೆ ಸಭೆಯಲ್ಲಿ ಯಾವ ಮಾತು ನಿನ್ನಿಂದ ಹೇಳಲಾಗುವುದಿಲ್ಲ ಎಂದು ಗೊತ್ತಿದೆ. ಗೊತ್ತಿದ್ದೇ ಕೇಳುತ್ತಿದ್ದೇನೆ.

ನಿನ್ನ ಮಗಳು,
ಸಲೋಮಾ


ಹೋಮ್ಸ್ ಕೌಂಟಿ
ಅಕ್ಟೋಬರ್ 14

ಅಕ್ಕಾ,

ಇಷ್ಟರಲ್ಲಿ ಹಣ ನಿನ್ನ ಕೈ ಸೇರಿರಬೇಕು. ನಿನ್ನ ಕಾಗದವನ್ನು ಅಪ್ಪ ಕೊಟ್ಟಿಗೆಗೆ ತೆಗೆದುಕೊಂಡು ಹೋಗಿ ಓದಿದ. ಹೊರಗೆ ಬಂದು ಅಮ್ಮನನ್ನು ಕರೆದು ಅವಳಿಗೂ ಓದಿ ಹೇಳಿದ. ನನ್ನನ್ನು ನೋಡಿ, “ಆ ಪತ್ರಿಕೆ ಎಲ್ಲಿಟ್ಟಿದ್ದೀಯ?” ಎಂದಷ್ಟೇ ಕೇಳಿದ. ಅಟ್ಟದಿಂದ ತಂದುಕೊಟ್ಟೆ. ಆಲೂಗಡ್ಡೆಯಿಂದ ಶುರುಮಾಡಿ ಪೂರ್ತಿ ಓದಿದ. ಮಾರನೆಯ ಬೆಳಿಗ್ಗೆಯೇ ನಾಲ್ಕು ಸಾವಿರ ಅಂಚೆಗೆ ಹೋಯಿತು. ಅಮ್ಮ ಹೊದಿಕೆ ಹೊಲಿಯುತ್ತಿದ್ದಾಳೆ, ಭಾವನ ಕಾಲಿಗೆ.

ಭಾನುವಾರ ಸಭೆಯಾಯಿತು. ಅಪ್ಪನ ಸರದಿ ಬಂದಾಗ ಎದ್ದು ನಿಂತ.

“ಆಟ್ಲಿಯ ಜೊತೆ ಸಮಾಧಾನವಾಗಿದ್ದೇನೆ. ಒಬ್ಬನ ಜೊತೆ ಇಲ್ಲ. ಅವನು ನಮ್ಮ ಸಭೆಯವನಲ್ಲ.”

ಬಿಷಪ್ಪರು ಕೇಳಿದರು: “ಅವನಿಗೆ ನೀನು ಏನಾದರೂ ಕೊಡಬೇಕಾ ಎಮ್ಯಾನುಯೆಲ್?”

“ಇಲ್ಲ.”

“ಅವನಿಗೆ ಅನ್ಯಾಯ ಮಾಡಿದ್ದೀಯಾ?”

“ಗೊತ್ತಿಲ್ಲ. ಎರಡು ಸಲವೂ ನನಗೆ ಸರಿ ಅನ್ನಿಸಿದ್ದನ್ನೇ ಮಾಡಿದೆ. ಎರಡು ಸಲವೂ ಪೆಟ್ಟು ಅವನಿಗೇ ಬಿತ್ತು.”

ಆಟ್ಲಿ ಎದ್ದು, ಎಮ್ಯಾನುಯೆಲ್ ಪ್ರಭುಭೋಜನದ ರೊಟ್ಟಿ ಮುರಿಯಲು ತನ್ನ ಅಡ್ಡಿಯಿಲ್ಲ ಎಂದ. ಅಪ್ಪ, ಈ ಸಲ ಬೇಡ, ವಸಂತದ ಭೋಜನದವರೆಗೆ ಕಾಯುತ್ತೇನೆ ಎಂದು ಕೂತುಬಿಟ್ಟ. ದಾರಿಯುದ್ದಕ್ಕೂ ಚಿಕ್ಕಪ್ಪನ ಬಂಡಿಯಲ್ಲಿ ಹೇಳಲು ನನ್ನ ಹತ್ತಿರ ಒಂದು ತಮಾಷೆಯೂ ಇರಲಿಲ್ಲ.

ಸೋಮವಾರ ಬೆಳಿಗ್ಗೆ ಅಪ್ಪ ನಮ್ಮ ಹುಡುಗರನ್ನು ಕೆಲಸಕ್ಕೆ ಕಳಿಸಿ, ನನಗೆ ಎರಡು ಸಲಿಕೆ ತರಲು ಹೇಳಿದ. ಡೆನ್ನಿ ಐದು ಜನರಲ್ಲಿ ನಾಲ್ವರನ್ನು ಬಿಡಿಸಿದ್ದಾನೆ, ಒಬ್ಬ ತಾನಾಗಿ ಹೋದ. ಗುಂಡಿ ತೋಡುವ ಮಷೀನನ್ನು ಕಂತಿನವರು ಎಳೆದುಕೊಂಡು ಹೋಗಿದ್ದಾರೆ. ಹೆದ್ದಾರಿಯ ಪಕ್ಕದ ಒಂದು ಮನೆಯ ಹಿಂದೆ, ಒಡೆದ ಚರಂಡಿ ಕೊಳವೆ ಬದಲಾಯಿಸಲು ನಾವು ಹೋದಾಗ ಒಬ್ಬನೇ ಸಲಿಕೆ ಹಿಡಿದು ಕಾಲುವೆ ತೋಡುತ್ತಿದ್ದ.

ಅಪ್ಪ ಕೋಟು ಬಿಚ್ಚಿ ಬೇಲಿಗೆ ಹಾಕಿ, ಕಾಲುವೆಯ ಇನ್ನೊಂದು ತುದಿಗೆ ಇಳಿದು ಅಗೆಯತೊಡಗಿದ. ನಾನೂ ಇಳಿದೆ. ಡೆನ್ನಿ ನೋಡಿದ, ಉಗುಳಿದ, ತನ್ನ ತುದಿಯಲ್ಲಿ ತಾನು ಅಗೆದ. ಮಧ್ಯಾಹ್ನ ಟ್ರಕ್ಕಿನೊಳಗೆ ಕೂತು ಬಾಗಿಲು ಹಾಕಿಕೊಂಡು ಊಟ ಮಾಡಿದ. ನಾವು ಬೇಲಿಯ ಹತ್ತಿರ ತಿಂದೆವು. “ಎಷ್ಟು ದಿನ ಬರ್ಬೇಕಪ್ಪಾ?” ಎಂದೆ. “ಕೆಲಸ ಎಷ್ಟು ದಿನ ಇದೆಯೋ ಅಷ್ಟು,” ಎಂದ ಅಪ್ಪ. ಮಂಗಳವಾರವೂ ಹಾಗೇ ಆಯಿತು. ಮಣ್ಣಿನಲ್ಲಿ ಕಲ್ಲು ಜಾಸ್ತಿ, ಅಪ್ಪನ ಅಂಗೈ ಒಡೆದಿದೆ.

ಇವತ್ತು ಮಧ್ಯಾಹ್ನದ ಮೇಲೆ ಎರಡು ತುದಿಗಳೂ ಹತ್ತಿರ ಬಂದವು. ಅಪ್ಪ ಸಲಿಕೆ ಎತ್ತಿದ್ದ.

“ಎಮ್ಯಾನುಯೆಲ್.”

“ಹೂಂ.”

“ಅಲ್ಲಿ ಗ್ಯಾಸಿನ ಪೈಪ್ ಹಾದುಹೋಗುತ್ತೆ. ಸಲಿಕೆ ಹಾಕ್ಬೇಡ. ಕೈಯಲ್ಲಿ ಬಿಡಿಸು.”

ಅಪ್ಪ ಸಲಿಕೆಯನ್ನು ನನ್ನ ಕೈಗೆ ಕೊಟ್ಟು, ಮಂಡಿಯೂರಿ ಕೂತು, ಹಿಡಿ ಹಿಡಿಯಾಗಿ ಮಣ್ಣು ತೆಗೆಯತೊಡಗಿದ. ಸ್ವಲ್ಪ ಹೊತ್ತು ನೋಡುತ್ತಾ ನಿಂತಿದ್ದ ಡೆನ್ನಿ ಆ ಕಡೆಯಿಂದ ಬಂದು ಎದುರಿಗೆ ಕೂತ.

ರೋಮನ್